ಕಡಲ ದಂಡೆಯ ಊರಿನಲ್ಲಿ ಇಪ್ಪತ್ತು ಮಹಡಿಯ ವಸತಿ ಕಟ್ಟಡ: ಡಿಸೈನ್ ಎಲ್ಲಿಂದ ಶುರು ಮಾಡಬೇಕು?

"ಸರ್, ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ನಾಲ್ಕೈದು ಮಹಡಿ ಅಪಾರ್ಟ್‌ಮೆಂಟ್ ಮಾಡಿ ರೂಢಿ ಇದೆ. ಈಗ ಮಂಗಳೂರಿನಲ್ಲಿ ಸಮುದ್ರದ ಹತ್ತಿರ ಜಾಗ ಬಂದಿದೆ. ಇಪ್ಪತ್ತು ಮಹಡಿ ಎಬ್ಬಿಸಬೇಕು. ಎಲ್ಲಿಂದ ಶುರು ಮಾಡೋದು?"

ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಕೇಳುವವರಲ್ಲಿ ವಿದ್ಯಾನಗರದಲ್ಲಿ ಸಿವಿಲ್ ಓದುವ ಹುಡುಗ ಹುಡುಗಿಯರಿದ್ದಾರೆ, ಕೇಶ್ವಾಪುರದ ಬಿಲ್ಡರ್‌ಗಳಿದ್ದಾರೆ, ಧಾರವಾಡದಲ್ಲಿ ಹೊಸದಾಗಿ ಆಫೀಸ್ ತೆರೆದ ಆರ್ಕಿಟೆಕ್ಟ್‌ಗಳೂ ಇದ್ದಾರೆ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವುದಕ್ಕಿಂತ ಎಲ್ಲವನ್ನೂ ಒಂದೇ ಕಡೆ ಬರೆದಿಡೋಣ ಅನ್ನಿಸಿತು.

ಮೊದಲು ಒಂದು ವಿಷಯ ತಲೆಯಲ್ಲಿ ಕೂರಲಿ. ನಮ್ಮ ಹುಬ್ಬಳ್ಳಿ ಕಡೆ ಕಟ್ಟಡದ ವೈರಿ ನೆಲದೊಳಗಿದ್ದಾನೆ. ಎರಿ ಮಣ್ಣು (ಕಪ್ಪು ಮಣ್ಣು) ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಪಾಯವನ್ನು ಗರಸಿಗೆ (ಕೆಳಗಿನ ಗಟ್ಟಿ ಪದರಕ್ಕೆ) ಮುಟ್ಟಿಸಿದರೆ, ಇಲ್ಲವೇ ಅಂಡರ್ ರೀಮ್ಡ್ ಪೈಲ್ (ತುದಿಯಲ್ಲಿ ಗಡ್ಡೆಯಂತೆ ಅಗಲವಾಗುವ ಕಂಬದ ಪಾಯ) ಹಾಕಿದರೆ ಅರ್ಧ ನಿಶ್ಚಿಂತೆ. ಸಮುದ್ರದ ಊರಿನಲ್ಲಿ ವೈರಿ ಗಾಳಿಯಲ್ಲೇ ಇದ್ದಾನೆ. ಉಪ್ಪು ಮತ್ತು ತೇವ ಎರಡೂ ಸೇರಿ ಪ್ರತಿ ಮಹಡಿಯನ್ನೂ ಪ್ರತಿ ದಿನ ತಿನ್ನುತ್ತವೆ. ಪಾಯ ಎಷ್ಟೇ ಗಟ್ಟಿ ಇದ್ದರೂ ಹನ್ನೆರಡನೇ ಮಹಡಿಯ ಬಾಲ್ಕನಿ ಉದುರಬಹುದು. ಹುಬ್ಬಳ್ಳಿಯ ಡ್ರಾಯಿಂಗ್ ತಗೊಂಡು ಮಹಡಿ ಜಾಸ್ತಿ ಮಾಡಿದರೆ ಸಮುದ್ರದ ಊರಿನ ಡ್ರಾಯಿಂಗ್ ಆಗುವುದಿಲ್ಲ.

ಶುರು ಮಾಡುವ ಮೊದಲು ಇವು ಕೈಯಲ್ಲಿರಲಿ: ಜಾಗದ ಸರ್ವೆ ನಕ್ಷೆ, ಕರಾವಳಿ ವಲಯದ ನಕ್ಷೆಯಲ್ಲಿ ಆ ಜಾಗ ಎಲ್ಲಿದೆ ಅನ್ನುವ ದಾಖಲೆ, ಮಣ್ಣು ಪರೀಕ್ಷೆಯ ವರದಿ, ನೆಲದ ನೀರಿನ ಲ್ಯಾಬ್ ವರದಿ, ಮತ್ತು ಎತ್ತರದ ಕಟ್ಟಡ ಮಾಡಿ ಅನುಭವ ಇರುವ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್. ಈ ಲೇಖನ ಅವರ ಬದಲಿಗೆ ಅಲ್ಲ. ಅವರ ಹತ್ತಿರ ಏನು ಕೇಳಬೇಕು ಅಂತ ಗೊತ್ತಾಗಲಿ ಅಂತ.

ಹಂತ 1. ಜಾಗದಲ್ಲಿ ಕಟ್ಟಲು ಬರುತ್ತದೆಯೇ ನೋಡಿ

ಸಿಆರ್‌ಝಡ್ ಅಂದರೆ ಕರಾವಳಿ ನಿಯಂತ್ರಣ ವಲಯ. ಈಗಿನ ಅಧಿಸೂಚನೆ 2019ರದ್ದು. ಭರತರೇಖೆ, ಅಂದರೆ ದೊಡ್ಡ ಭರತದಲ್ಲಿ (ಸಮುದ್ರದ ಉಬ್ಬರದಲ್ಲಿ) ನೀರು ಮುಟ್ಟುವ ಗೆರೆ, ಅಲ್ಲಿಂದ ಭೂಮಿ ಕಡೆ 500 ಮೀಟರ್ ಒಳಗಿನ ಜಾಗ ಈ ವಲಯಕ್ಕೆ ಬರುತ್ತದೆ. ಮೊದಲೇ ಬೆಳೆದ ನಗರ ಪ್ರದೇಶ ಎರಡನೇ ವರ್ಗ. ಅಲ್ಲಿ ಈಗಿರುವ ರಸ್ತೆಯ ಅಥವಾ ಅಧಿಕೃತ ಕಟ್ಟಡಗಳ ಭೂಮಿ ಬದಿಗೆ ಮಾತ್ರ ಕಟ್ಟಬಹುದು, ಸಮುದ್ರದ ಬದಿಗೆ ಇಲ್ಲ.

ನಮ್ಮ ಕಡೆಯವರು ಎಡವುವುದು ನದಿಯ ವಿಷಯದಲ್ಲಿ. "ಸಮುದ್ರ ಮೂರು ಕಿಲೋಮೀಟರ್ ದೂರ, ನಮಗೇನು ಸಂಬಂಧ" ಅನ್ನುತ್ತಾರೆ. ಆದರೆ ಭರತ ಇಳಿತ ಮುಟ್ಟುವ ನದಿ, ಹಿನ್ನೀರು, ಅಳಿವೆಗಳ ದಂಡೆಗೂ ಈ ನಿಯಮ ಇದೆ. ಅಲ್ಲಿ 50 ಮೀಟರ್ ಅಥವಾ ಆ ನೀರಿನ ಅಗಲ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಮಂಗಳೂರಿನ ನೇತ್ರಾವತಿ, ಫಲ್ಗುಣಿ ದಂಡೆಯ ಜಾಗ ನೋಡುತ್ತಿದ್ದರೆ ಇದನ್ನು ಮರೆಯಬೇಡಿ.

ಬ್ರೋಕರ್ ಮೊಬೈಲಿನಲ್ಲಿ ತೋರಿಸುವ ನಕ್ಷೆ ನಂಬಬೇಡಿ. ಅಧಿಕೃತ ಸಂಸ್ಥೆಯಿಂದ ಭರತರೇಖೆ ಗುರುತಿಸಿದ ನಕ್ಷೆ ತರಿಸಿ. ಕೊಚ್ಚಿಯ ಮರಡುವಿನಲ್ಲಿ ಏನಾಯಿತು ನೆನಪಿದೆ ಅಲ್ವಾ? ಸಿಆರ್‌ಝಡ್ ಉಲ್ಲಂಘನೆಗಾಗಿ ಸುಪ್ರೀಂ ಕೋರ್ಟ್ 2019ರಲ್ಲಿ ಆದೇಶ ಮಾಡಿತು. ಜನ ವಾಸವಿದ್ದ ನಾಲ್ಕು ಅಪಾರ್ಟ್‌ಮೆಂಟ್ ಸಮುಚ್ಚಯಗಳನ್ನು 2020ರ ಜನವರಿಯಲ್ಲಿ ಸಿಡಿಮದ್ದು ಇಟ್ಟು ಕೆಡವಿದರು. ಆ ಮನೆ ಕೊಂಡವರ ಸಂಕಟ ನೆನೆದರೆ ಒಂದು ನಕ್ಷೆಗೆ ಕೊಡುವ ದುಡ್ಡು ಏನೂ ಅಲ್ಲ.

ಇದರ ಜೊತೆಗೆ ಇನ್ನೆರಡು ನೋಡಿ. ಒಟ್ಟು ಕಟ್ಟಡ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ ಪರಿಸರ ಅನುಮತಿ ಬೇಕು. ಮಹಡಿಗೆ 1,000 ಚದರ ಮೀಟರ್ ಇಟ್ಟುಕೊಂಡರೆ ಇಪ್ಪತ್ತು ಮಹಡಿಗೆ ಅಲ್ಲಿಗೇ ಬಂತು. ವಿಮಾನ ನಿಲ್ದಾಣ ಹತ್ತಿರ ಇದ್ದರೆ ಎತ್ತರಕ್ಕೆ ನಿರಾಕ್ಷೇಪಣಾ ಪತ್ರವೂ ಬೇಕು. ಪ್ಲ್ಯಾನ್ ಎಲ್ಲ ಆದ ಮೇಲೆ ಮೇಲಿನ ಮೂರು ಮಹಡಿ ಕತ್ತರಿಸಬೇಕಾದರೆ ಲಿಫ್ಟ್‌ನಿಂದ ಹಿಡಿದು ಪಾಯದವರೆಗೆ ಲೆಕ್ಕವೆಲ್ಲ ತಿರುಗಿ ಮಾಡಬೇಕಾಗುತ್ತದೆ.

ಹಂತ 2. ಮಣ್ಣನ್ನೂ ನೆಲದ ನೀರನ್ನೂ ಒಟ್ಟಿಗೆ ಪರೀಕ್ಷಿಸಿ

ಮಂಗಳೂರು ಕಡೆ ಮೇಲೆ ಮುರಕಲ್ಲು ಸಿಗುತ್ತದೆ, ಕೆಂಪಗೆ, ಗಟ್ಟಿಯಾಗಿ. ಬೋರ್ ಹೊಡೆಯುವವರು ಅಲ್ಲೇ ನಿಲ್ಲಿಸಿ "ಕಲ್ಲು ಸಿಕ್ಕಿತು" ಅನ್ನುತ್ತಾರೆ. ಅದರ ಕೆಳಗೆ ಎಷ್ಟೋ ಕಡೆ ಶೇಡಿ ಮಣ್ಣು ಇರುತ್ತದೆ. ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಸತ್ವ ಬಿಡುತ್ತದೆ. ಇಪ್ಪತ್ತು ಮಹಡಿಯ ಭಾರ ಆ ಪದರದವರೆಗೂ ಇಳಿಯುತ್ತದೆ. ಹಾಗಾಗಿ ಮುರಕಲ್ಲನ್ನು ದಾಟಿ ಕೊರೆಸಿ, ಎಸ್‌ಪಿಟಿ ಪರೀಕ್ಷೆ ಮಾಡಿಸಿ. ಎಸ್‌ಪಿಟಿ ಅಂದರೆ 63.5 ಕಿಲೋ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸಿ, ಕೊಳವೆ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕು ಅಂತ ಎಣಿಸುವ ಪರೀಕ್ಷೆ. ಈ ಎಣಿಕೆ ಕೆಳಗೆ ಹೋದಂತೆ ಏರಬೇಕು. ನಡುವೆ ಒಮ್ಮೆಲೇ ಕುಸಿದಿದ್ದರೆ ಆ ಪದರದ ಬಗ್ಗೆ ಕೂತು ಮಾತಾಡಿ.

ದಂಡೆಗೆ ಇನ್ನೂ ಹತ್ತಿರ ಹೋದರೆ ಬರೀ ಉಸುಕು. ನೀರು ತುಂಬಿದ ಸಡಿಲ ಉಸುಕು ಭೂಕಂಪದ ಅಲುಗಾಟಕ್ಕೆ ಗಂಜಿಯಂತೆ ಹರಿದುಬಿಡಬಹುದು. ಇದಕ್ಕೆ ಲಿಕ್ವಿಫ್ಯಾಕ್ಷನ್ ಅನ್ನುತ್ತಾರೆ. 2016ರ ಐಎಸ್ 1893 (ಭೂಕಂಪದ ಭಾರತೀಯ ಮಾನಕ ಸಂಹಿತೆ) ಪ್ರಕಾರ ಧಾರವಾಡ, ಮಂಗಳೂರು ಎರಡೂ ಭೂಕಂಪದ ಮೂರನೇ ವಲಯದಲ್ಲಿವೆ. ಅಂಕಿ ಒಂದೇ ಇರಬಹುದು, ಆದರೆ ಎರಿ ಮಣ್ಣಿನಲ್ಲಿ ಬರದ ಈ ತೊಂದರೆ ಅಲ್ಲಿ ಬರುತ್ತದೆ. ವರದಿಯಲ್ಲಿ ಇದರ ಲೆಕ್ಕ ಇಲ್ಲದಿದ್ದರೆ ವಾಪಸ್ ಕಳಿಸಿ.

ಬೇಸ್‌ಮೆಂಟ್ ವಿಷಯ. ಕಾರ್ ನಿಲ್ಲಿಸಲು ಎರಡು ಮಹಡಿ ಕೆಳಗೆ ಅಗೆಯುವ ಆಸೆ ಎಲ್ಲರಿಗೂ ಇರುತ್ತದೆ. ಸಮುದ್ರದ ಊರಿನಲ್ಲಿ ನೆಲದ ನೀರು ಮೇಲೆಯೇ ಇರುತ್ತದೆ. ನೀರಿನ ಮಟ್ಟದಿಂದ 3 ಮೀಟರ್ ಕೆಳಗೆ ಹೋದರೆ ಪ್ರತಿ ಚದರ ಮೀಟರಿಗೆ 3 ಟನ್ ಬಲ ತಳವನ್ನು ಮೇಲಕ್ಕೆ ಒತ್ತುತ್ತದೆ. ಟವರ್ ಕೂತ ಕಡೆ ಭಾರ ಇದೆ, ಏನೂ ಆಗುವುದಿಲ್ಲ. ಟವರಿನ ಹೊರಗೆ ಚಾಚಿದ, ಮೇಲೆ ಬರೀ ಲಾನ್ ಇರುವ ಪಾರ್ಕಿಂಗ್ ಭಾಗ ದೋಣಿಯಂತೆ ಏಳಲು ನೋಡುತ್ತದೆ. ಕೆಲಸ ನಡೆಯುವಾಗ ನೆಲದ ನೀರೆತ್ತುವ ಪಂಪ್ ಬೇಗ ನಿಲ್ಲಿಸಿದರೂ ಇದೇ ಗತಿ. ನನ್ನ ಅಭಿಪ್ರಾಯ ಕೇಳಿದರೆ, ಬೇಸ್‌ಮೆಂಟ್ ಬಿಡಿ. ಪಾರ್ಕಿಂಗನ್ನು ನೆಲದ ಮೇಲಿನ ಎರಡು ಮೂರು ಮಹಡಿಯಲ್ಲಿ ಕೊಡಿ. ಟ್ರಾನ್ಸ್‌ಫಾರ್ಮರ್, ಜನರೇಟರ್, ಪ್ಯಾನಲ್ ಬೋರ್ಡ್ ಯಾವುದನ್ನೂ ನೆಲಕ್ಕಿಂತ ಕೆಳಗೆ ಇಡಬೇಡಿ.

ಹಂತ 3. ಕಟ್ಟಡದ ಮುಖ ಯಾವ ಕಡೆ

ಮಾರಾಟದವರು "ಎಲ್ಲ ಮನೆಗೂ ಸಮುದ್ರ ಕಾಣಬೇಕು" ಅನ್ನುತ್ತಾರೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಸಮುದ್ರ ಇರುವುದು ಪಡುವಣಕ್ಕೆ. ಮಧ್ಯಾಹ್ನದ ಸುಡು ಬಿಸಿಲೂ ಅಲ್ಲಿಂದಲೇ, ಮುಂಗಾರಿನ ಮಳೆ ಗಾಳಿಯೂ ಅಲ್ಲಿಂದಲೇ. ನೋಟ, ಬಿಸಿಲು, ಮಳೆ ಮೂರೂ ಒಂದೇ ಗೋಡೆಗೆ ಬೀಳುತ್ತವೆ. ವಿಶಾಖಪಟ್ಟಣದಲ್ಲಿ ಸಮುದ್ರ ಮೂಡಣಕ್ಕಿದೆ, ಬೆಳಗಿನ ಎಳೆ ಬಿಸಿಲು ಬರುತ್ತದೆ. ಅಲ್ಲಿನ ಟವರಿನ ಗಾಜಿನ ಮುಖ ನೋಡಿ ಬಂದು ಮಂಗಳೂರಿನಲ್ಲಿ ಹಾಗೇ ಇಟ್ಟರೆ ಸಂಜೆ ನಾಲ್ಕಕ್ಕೆ ಹಾಲ್‌ನಲ್ಲಿ ಕೂರಲು ಆಗುವುದಿಲ್ಲ.

ಪಡುವಣಕ್ಕೆ ಒಂದೂವರೆ ಮೀಟರಿಗಿಂತ ಕಡಿಮೆ ಇಲ್ಲದ ಆಳದ ಬಾಲ್ಕನಿ ಕೊಡಿ, ಗಾಜನ್ನು ಅದರ ಹಿಂದೆ ತಗೊಳ್ಳಿ. ಗಾಳಿ ಆಚೆಯಿಂದ ಈಚೆಗೆ ಹಾಯುವಂತೆ ಹಿಂಬದಿಯಲ್ಲೂ ಕಿಟಕಿ ಇರಲಿ. ಮಹಡಿಗೆ ನಾಲ್ಕು ಮನೆ ಇದ್ದರೆ ಇದು ಸಾಧ್ಯ. ಎಂಟು ಮನೆ ತುರುಕಿದರೆ ಹಿಂಬದಿಯ ಮನೆಗೆ ಸಮುದ್ರವೂ ಇಲ್ಲ, ಗಾಳಿಯೂ ಇಲ್ಲ.

ಹಂತ 4. ಗಾಳಿಯ ಲೆಕ್ಕ

ಐದು ಮಹಡಿಯಲ್ಲಿ ಗಾಳಿ ಸಾಮಾನ್ಯವಾಗಿ ತಲೆನೋವಲ್ಲ. ಇಪ್ಪತ್ತರಲ್ಲಿ ಅದೇ ಮುಖ್ಯ. ಐಎಸ್ 875ರ ಮೂರನೇ ಭಾಗದಲ್ಲಿ ಊರೂರಿಗೆ ಮೂಲ ಗಾಳಿ ವೇಗ ಕೊಟ್ಟಿದ್ದಾರೆ. ಮಂಗಳೂರಿಗೆ ಸೆಕೆಂಡಿಗೆ 39 ಮೀಟರ್, ವಿಶಾಖಪಟ್ಟಣಕ್ಕೆ 50. ಒತ್ತಡ ವೇಗದ ವರ್ಗದಂತೆ (ಸ್ಕ್ವೇರ್) ಏರುತ್ತದೆ, 0.6 ಗುಣಿಸು ವೇಗದ ವರ್ಗ. 39ಕ್ಕೆ ಚದರ ಮೀಟರಿಗೆ ಸುಮಾರು 910 ನ್ಯೂಟನ್ ಬಂದರೆ 50ಕ್ಕೆ 1,500. ವೇಗ ಕಾಲು ಭಾಗ ಜಾಸ್ತಿಯಾದದ್ದಕ್ಕೆ ಹೊಡೆತ ಒಂದೂವರೆ ಪಟ್ಟು ದಾಟಿತು. ಎತ್ತರ, ಸುತ್ತಲಿನ ನೆಲ ಇವುಗಳ ಗುಣಕ ಇದರ ಮೇಲೆ ಸೇರುತ್ತವೆ.

ಇಲ್ಲಿ ಒಂದು ತಪ್ಪು ನಾನು ಮತ್ತೆ ಮತ್ತೆ ನೋಡಿದ್ದೇನೆ. ಸಾಫ್ಟ್‌ವೇರ್‌ನಲ್ಲಿ ಹಳೇ ಫೈಲ್ ತೆಗೆದು ಮಹಡಿ ಏರಿಸುತ್ತಾರೆ. ಹಳೇ ಫೈಲಿನಲ್ಲಿ ಭೂಪ್ರದೇಶದ ವರ್ಗ 3 ಇರುತ್ತದೆ, ಅಂದರೆ ಸುತ್ತ ಒತ್ತೊತ್ತಾಗಿ ಕಟ್ಟಡ ಇರುವ ಊರು. ತೆರೆದ ಕಡಲ ತೀರ ವರ್ಗ 1. ಗಾಳಿಗೆ ತಡೆ ಅನ್ನುವುದೇ ಇಲ್ಲ. ಆ ಒಂದು ಅಂಕಿ ಬದಲಿಸದೆ ಹೋದರೆ ಮುಂದಿನ ಲೆಕ್ಕವೆಲ್ಲ ಕಡಿಮೆಯೇ ಬರುತ್ತದೆ.

50 ಮೀಟರ್ ದಾಟಿದ ಕಾಂಕ್ರೀಟ್ ಕಟ್ಟಡಕ್ಕೆ ಐಎಸ್ 16700 ಅನ್ನುವ ಪ್ರತ್ಯೇಕ ಸಂಹಿತೆ ಇದೆ, ಮೊದಲು ಬಂದದ್ದು 2017ರಲ್ಲಿ. ಗಾಳಿಗೆ ಕಟ್ಟಡದ ತುದಿ ಎತ್ತರದ ಐನೂರನೇ ಒಂದು ಭಾಗಕ್ಕಿಂತ ಜಾಸ್ತಿ ವಾಲಬಾರದು. 60 ಮೀಟರ್ ಕಟ್ಟಡಕ್ಕೆ ಅದು 120 ಮಿಲಿಮೀಟರ್. ಇದನ್ನು ಹಿಡಿದು ನಿಲ್ಲಿಸುವುದು ಲಿಫ್ಟ್ ಮತ್ತು ಮೆಟ್ಟಿಲ ಸುತ್ತಲಿನ ಶಿಯರ್ ವಾಲ್, ಅಂದರೆ ಪಾಯದಿಂದ ತುದಿವರೆಗೆ ತುಂಡಾಗದೆ ಏರುವ ಕಾಂಕ್ರೀಟ್ ಗೋಡೆ. ಅದನ್ನು ಪ್ಲ್ಯಾನಿನ ನಡುವೆ ಇಡಿ. ಒಂದು ಮೂಲೆಗೆ ತಳ್ಳಿದರೆ ಗಾಳಿಗೆ ಇಡೀ ಟವರ್ ತಿರುಚಿಕೊಳ್ಳುತ್ತದೆ. ಸಮುದ್ರ ಕಾಣಲಿ ಅಂತ ತೆಳುವಾಗಿ ಉದ್ದಕ್ಕೆ ಬೆಂಕಿಪೊಟ್ಟಣ ನಿಲ್ಲಿಸಿದಂತೆ ಮಾಡುವ ಆರ್ಕಿಟೆಕ್ಟ್ ಗೆಳೆಯರಿಗೂ ಇದೇ ಮಾತು. ಕಾಗದದ ಮೇಲೆ ಗೆರೆ ಎಳೆಯುವ ದಿನವೇ ಎಂಜಿನಿಯರ್ ಪಕ್ಕದಲ್ಲಿರಲಿ.

ಹಂತ 5. ಕಾಂಕ್ರೀಟ್ ಮತ್ತು ಕವರ್

ಇಡೀ ಲೇಖನದಲ್ಲಿ ಒಂದೇ ಹಂತ ಓದುವುದಿದ್ದರೆ ಇದನ್ನು ಓದಿ.

ಕವರ್ ಅಂದರೆ ಕಬ್ಬಿಣದ ಸಳಿಯ ಹೊರಮೈಯಿಂದ ಕಾಂಕ್ರೀಟಿನ ಹೊರಮೈವರೆಗಿನ ದಪ್ಪ. ಕಾಂಕ್ರೀಟಿನ ಸಂಹಿತೆ ಐಎಸ್ 456 ಕಟ್ಟಡ ನಿಲ್ಲುವ ವಾತಾವರಣವನ್ನು ಐದು ವರ್ಗ ಮಾಡಿದೆ. ಕರಾವಳಿಯ ವಾತಾವರಣಕ್ಕೆ ತೆರೆದುಕೊಂಡ ಕಾಂಕ್ರೀಟ್ "ತೀವ್ರ" ವರ್ಗ. ಅದಕ್ಕೆ ಕವರ್ 45 ಮಿಲಿಮೀಟರ್, ಕಾಂಕ್ರೀಟ್ ಕನಿಷ್ಠ ಎಂ 30 (ಗಟ್ಟಿತನದ ದರ್ಜೆ, ಅಂಕಿ ಏರಿದಷ್ಟೂ ಗಟ್ಟಿ). ಸಮುದ್ರದ ತುಂತುರು ಬಡಿಯುವ ಕಡೆ "ಅತಿ ತೀವ್ರ". ಅಲ್ಲಿ 50 ಮಿಲಿಮೀಟರ್, ಎಂ 35. ಎರಡಕ್ಕೂ ನೀರು ಮತ್ತು ಸಿಮೆಂಟಿನ ಅನುಪಾತ 0.45 ಮೀರಬಾರದು. ಅಂದರೆ ಒಂದು ಚೀಲ ಸಿಮೆಂಟಿಗೆ ಉಸುಕಿನ ತೇವವೂ ಸೇರಿ ಇಪ್ಪತ್ತೆರಡೂವರೆ ಲೀಟರ್ ನೀರು, ಅಷ್ಟೇ. ಸ್ಲ್ಯಾಬ್ ಹಾಕುವಾಗ ಮಾಲು ಬಿಗಿಯಾಯಿತು ಅಂತ ಪೈಪ್ ಹಿಡಿಯುವ ಕೈಯನ್ನು ಅಲ್ಲೇ ತಡೆಯಬೇಕು. ಮಾಲು ಹರಿಯಬೇಕಾದರೆ ಅಡ್‌ಮಿಕ್ಸ್‌ಚರ್ (ಅದಕ್ಕೆಂದೇ ಬರುವ ರಾಸಾಯನಿಕ) ಹಾಕಿ, ನೀರು ಬೇಡ.

ಕರಾವಳಿಯ ಒಂದು ಊರಿನಲ್ಲಿ ಹನ್ನೊಂದು ವರ್ಷದ ಕಟ್ಟಡ ನೋಡಲು ಕರೆದಿದ್ದರು. ಬಾಲ್ಕನಿಯ ತಳದಲ್ಲಿ ಕಂದು ಗೆರೆ. ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಕೆದಕಿದೆ. ಅಂಗೈ ಅಗಲದ ಚಕ್ಕೆ ಕೈಗೇ ಬಂತು. ಒಳಗೆ ಸಳಿ ಹಪ್ಪಳದಂತೆ ಪದರ ಪದರವಾಗಿ ಎದ್ದಿತ್ತು. ಚಕ್ಕೆಯ ದಪ್ಪ ಅಳೆದೆ, 18 ಮಿಲಿಮೀಟರ್. ಡ್ರಾಯಿಂಗ್ ತರಿಸಿ ನೋಡಿದರೆ 45 ಅಂತ ಸರಿಯಾಗಿಯೇ ಬರೆದಿದ್ದರು. ಸಳಿಯ ಕೆಳಗೆ ಕವರ್ ಬ್ಲಾಕ್ ಬದಲು ಕೈಗೆ ಸಿಕ್ಕ ಖಡಿ ಇಟ್ಟಿದ್ದರು. ಕಾಂಕ್ರೀಟ್ ಹಾಕುವಾಗ ಯಾರದೋ ಕಾಲು ಬಿದ್ದು ಖಡಿ ಉರುಳಿದೆ, ಸಳಿ ಕೆಳಗೆ ಕೂತಿದೆ.

ತುಕ್ಕು ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಜಾಗ ಸಿಗದೆ ಒಳಗಿನಿಂದ ಕಾಂಕ್ರೀಟನ್ನು ಒಡೆಯುತ್ತದೆ. ಉಪ್ಪು ಕಾಂಕ್ರೀಟಿನೊಳಗೆ ನುಸುಳಿ ಸಳಿ ಮುಟ್ಟುವ ಹೊತ್ತು ಸರಿಸುಮಾರು ಕವರಿನ ವರ್ಗದಂತೆ (ಸ್ಕ್ವೇರ್) ನಡೆಯುತ್ತದೆ. ಕವರ್ ಎರಡು ಪಟ್ಟಾದರೆ ಹೊತ್ತು ನಾಲ್ಕು ಪಟ್ಟು. ತಿರುಗಿಸಿ ನೋಡಿ: 50 ಇರಬೇಕಾದ ಕಡೆ 35 ಇಟ್ಟರೆ ಹೊತ್ತು ಅರ್ಧಕ್ಕೆ ಇಳಿಯಿತು. ಹದಿನೈದು ಮಿಲಿಮೀಟರ್, ಒಂದು ಬೆರಳಿನಷ್ಟು, ಅದರಲ್ಲಿ ಅರ್ಧ ಆಯಸ್ಸು ಹೋಯಿತು.

ಆದ್ದರಿಂದ ಡ್ರಾಯಿಂಗಿನಲ್ಲೇ ಈ ಮಾತುಗಳನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಕವರ್ ಅಳೆಯುವುದು ಹೊರಗಿನ ರಿಂಗಿನಿಂದ, ಒಳಗಿನ ಮುಖ್ಯ ಸಳಿಯಿಂದ ಅಲ್ಲ. ಕವರ್ ಬ್ಲಾಕ್ ಅದೇ ದರ್ಜೆಯ ಕಾಂಕ್ರೀಟಿನದ್ದೇ ಇರಬೇಕು. ಖಡಿ, ಫರಸಿ ಚೂರು, ಸಳಿ ತುಂಡು ನಡೆಯುವುದಿಲ್ಲ. ಕಟ್ಟುವ ಬೈಂಡಿಂಗ್ ತಂತಿಯ ತುದಿ ಒಳಕ್ಕೆ ಮಡಚಿರಬೇಕು. ಹೊರಗೆ ಚಾಚಿದ ತಂತಿ ಉಪ್ಪಿಗೆ ಬಾಗಿಲು ತೆರೆದಂತೆ. ಸ್ಲ್ಯಾಬ್ ಹಾಕುವ ಹಿಂದಿನ ಸಂಜೆ ನೀವೇ ಟೇಪ್ ಹಿಡಿದು ಬಾಲ್ಕನಿ ಅಂಚು, ಬೀಮಿನ ತಳ, ಕಾಲಂ ಮೂಲೆ ನೋಡಿ ಸಹಿ ಮಾಡಿ.

ಸಿಮೆಂಟಿನ ಬಗ್ಗೆ ಒಂದು ತಪ್ಪು ತಿಳುವಳಿಕೆ ಇದೆ. ಸಮುದ್ರ ಅಂದ ಕೂಡಲೇ "ಸಲ್ಫೇಟ್ ರೆಸಿಸ್ಟಿಂಗ್ ಸಿಮೆಂಟ್ ಹಾಕಿ" ಅನ್ನುತ್ತಾರೆ. ಅದು ಸಲ್ಫೇಟಿಗೆ ಒಳ್ಳೆಯದು. ಆದರೆ ಸಳಿ ತಿನ್ನುವುದು ಕ್ಲೋರೈಡ್. ಕ್ಲೋರೈಡನ್ನು ಹಿಡಿದಿಟ್ಟುಕೊಳ್ಳುವ ಅಂಶವೇ ಆ ಸಿಮೆಂಟಿನಲ್ಲಿ ಕಡಿಮೆ. ಸ್ಲ್ಯಾಗ್ ಬೆರೆತ ಸಿಮೆಂಟ್ (ಉಕ್ಕಿನ ಕಾರ್ಖಾನೆಯ ಗಸಿಯನ್ನು ಪುಡಿ ಮಾಡಿ ಸೇರಿಸಿದ್ದು) ಕಾಂಕ್ರೀಟಿನ ರಂಧ್ರಗಳನ್ನು ಮುಚ್ಚುತ್ತದೆ. ನನ್ನ ಆಯ್ಕೆ ಅದೇ. ಆದರೆ ಅದಕ್ಕೆ ನೀರು ಹೊಡೆಯುವುದು (ಕ್ಯೂರಿಂಗ್) ಜಾಸ್ತಿ ದಿನ ಬೇಕು, ಕನಿಷ್ಠ 10 ದಿನ. ಕ್ಯೂರಿಂಗಿಗೆ ಸೈಟಿನ ಬೋರ್‌ವೆಲ್ ನೀರನ್ನು ಪರೀಕ್ಷಿಸದೆ ಬಳಸಬೇಡಿ. ಸಮುದ್ರದ ಊರಿನ ಬೋರ್‌ನಲ್ಲಿ ಉಪ್ಪು ನೀರು ಬರುವುದು ಮಾಮೂಲು. ಸಮುದ್ರ ಮಟ್ಟದಿಂದ ಒಂದು ಮೀಟರ್ ಮೇಲೆ ಸಿಹಿನೀರಿದ್ದರೆ ಕೆಳಗೆ ಸುಮಾರು 40 ಮೀಟರ್ ಸಿಹಿನೀರು ತೇಲಿಕೊಂಡಿರುತ್ತದೆ. ಮೇಲಿನದನ್ನು ಒಂದು ಮೀಟರ್ ಎಳೆದರೆ ಕೆಳಗಿನಿಂದ ಉಪ್ಪು ನೀರು ಕಾಲಕ್ರಮೇಣ ಸುಮಾರು 40 ಮೀಟರ್ ಏರುತ್ತದೆ.

ಮಿಕ್ಸ್ ಒಪ್ಪುವ ಮೊದಲು ಆರ್‌ಸಿಪಿಟಿ ಮಾಡಿಸಿ. ಕಾಂಕ್ರೀಟ್ ತುಂಡಿನ ಮೂಲಕ ಎಷ್ಟು ವಿದ್ಯುತ್ ಹಾಯುತ್ತದೆ ಅಂತ ನೋಡಿ ಕ್ಲೋರೈಡ್ ಎಷ್ಟು ಸುಲಭವಾಗಿ ನುಸುಳಬಹುದು ಅಂತ ಅಂದಾಜು ಮಾಡುವ ಪರೀಕ್ಷೆ ಇದು. 1,000 ಕೂಲಂಬ್‌ಗಿಂತ ಕಡಿಮೆ ಬಂದರೆ ಬಹಳ ಒಳ್ಳೆಯದು, 2,000ದ ಒಳಗೆ ನಡೆಯುತ್ತದೆ. 4,000 ದಾಟಿದರೆ ಆ ಮಿಕ್ಸ್ ಬೇಡವೇ ಬೇಡ. ಪರೀಕ್ಷೆಗೆ ಹಾಕಿದ ಕಾಂಕ್ರೀಟ್ ಕ್ಯೂಬ್ ಗಟ್ಟಿ ಬಂತು ಅಂದ ಮಾತ್ರಕ್ಕೆ ಉಪ್ಪು ತಡೆಯುತ್ತದೆ ಅಂತ ಅಲ್ಲ.

ಹಂತ 6. ಬಾಲ್ಕನಿ, ಕಿಟಕಿ, ರೇಲಿಂಗ್, ಎಸಿ

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ. ನಮ್ಮಲ್ಲಿ ಬೀಳುವುದರ ಹೆಚ್ಚು ಕಡಿಮೆ ನಾಲ್ಕು ಪಟ್ಟು. ಎತ್ತರದಲ್ಲಿ ಮಳೆ ಅಡ್ಡ ಬರುತ್ತದೆ, ಗೋಡೆಗೆ ಬಡಿದು ಮೇಲಕ್ಕೂ ಏರುತ್ತದೆ. ಪ್ರತಿ ಸಜ್ಜದ, ಬಾಲ್ಕನಿಯ ಕೆಳ ಅಂಚಿಗೆ ಹನಿಗೆರೆ ಕೊಡಿ, ನೀರು ಹಿಂದಕ್ಕೆ ಹರಿಯದೆ ಅಲ್ಲೇ ತೊಟ್ಟಿಕ್ಕುವಂತೆ ಮಾಡುವ ಸಣ್ಣ ತೋಡು ಅದು. ಬಾಲ್ಕನಿಯ ನೆಲ ಒಳಗಿನ ನೆಲಕ್ಕಿಂತ ತಗ್ಗಿರಲಿ, ಇಳಿಜಾರು ಹೊರಕ್ಕಿರಲಿ. ಜಾರುವ ಕಿಟಕಿಯ ಚೌಕಟ್ಟಿನಲ್ಲಿ ನೀರು ಹೊರಹೋಗುವ ಸಣ್ಣ ರಂಧ್ರಗಳಿರುತ್ತವೆ. ಗೌಂಡಿಗಳು ಗಿಲಾವು ಮಾಡುವಾಗ ಅವನ್ನೇ ಮುಚ್ಚಿಬಿಡುತ್ತಾರೆ, ನೋಡಿಕೊಳ್ಳಿ.

ರೇಲಿಂಗಿಗೆ 304 ಸ್ಟೀಲ್ ಸಾಕು ಅಂತ ಅಂಗಡಿಯವರು ಹೇಳುತ್ತಾರೆ. ಕಡಲ ಗಾಳಿಗೆ ಅದು ಚಹಾ ಕಲೆಯಂತೆ ಕಂದಾಗುತ್ತದೆ. 316 ಕೇಳಿ. ಅದರಲ್ಲಿರುವ ಮಾಲಿಬ್ಡಿನಂ ಉಪ್ಪನ್ನು ತಡೆಯುತ್ತದೆ. ಕಂಬಿಯನ್ನು ಸ್ಲ್ಯಾಬಿನೊಳಗೆ ಹೂಳಬೇಡಿ. ಮೇಲೆ ಪ್ಲೇಟ್ ಇಟ್ಟು ಬೋಲ್ಟ್ ಮಾಡಿ, ನಾಳೆ ಬಿಚ್ಚಿ ಬದಲಿಸಬಹುದು.

ಎಸಿಯ ಹೊರಗಿನ ಯೂನಿಟ್ ಕರಾವಳಿಯಲ್ಲಿ ಬೇಗ ಹಾಳಾಗುತ್ತದೆ, ಮೇಲಿಂದ ಮೇಲೆ ಬದಲಿಸಬೇಕು. ಅದಕ್ಕೊಂದು ಕಟ್ಟೆ ಮಾಡಿ, ಬಾಲ್ಕನಿಯಿಂದಲೇ ಕೈ ಮುಟ್ಟುವ ಹಾಗೆ. ಹದಿನೈದನೇ ಮಹಡಿಯಲ್ಲಿ ಮೆಕ್ಯಾನಿಕ್ ಹುಡುಗ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹೊರಗೆ ಜೋತಾಡಬೇಕಾದ ಪರಿಸ್ಥಿತಿ ತಂದವರು ಡಿಸೈನ್ ಮಾಡಿದ ನಾವೇ ಆಗುತ್ತೇವೆ.

ಹಂತ 7. ಬೆಂಕಿ ಮತ್ತು ಮೆಟ್ಟಿಲು

ರಾಷ್ಟ್ರೀಯ ಕಟ್ಟಡ ಸಂಹಿತೆ 15 ಮೀಟರ್ ಮುಟ್ಟಿದ ಕಟ್ಟಡವನ್ನೇ ಎತ್ತರದ ಕಟ್ಟಡ ಅನ್ನುತ್ತದೆ. ಎರಡು ಮೆಟ್ಟಿಲುಗಳು ಒಂದರಿಂದ ಒಂದು ದೂರ ಇರಲಿ. ಕಡಲ ಗಾಳಿಗೆ ಹೊಗೆ ಯಾವ ಕಡೆ ನುಗ್ಗುತ್ತದೆ ಹೇಳಲು ಬರುವುದಿಲ್ಲ. ಮೆಟ್ಟಿಲ ಬಾಗಿಲು ತಾನೇ ಮುಚ್ಚಿಕೊಳ್ಳಬೇಕು, ಗಾಳಿಯ ಒತ್ತಡದಲ್ಲೂ ಒಬ್ಬ ಅಜ್ಜಿ ತೆರೆಯುವಷ್ಟು ಹಗುರ ಇರಬೇಕು. ಅಗ್ನಿಶಾಮಕ ಇಲಾಖೆಯವರನ್ನು ಪ್ಲ್ಯಾನ್ ಹಂತದಲ್ಲೇ ಕಾಣಿ.

ಹಂತ 8. ಬೀಗ ಹಾಕಿದ ಮನೆಗಳ ಲೆಕ್ಕ

ಪ್ರವಾಸಿ ಊರಿನ ಟವರಿನಲ್ಲಿ ಎಷ್ಟೋ ಮನೆ ತಿಂಗಳುಗಟ್ಟಲೆ ಖಾಲಿ. ಡಿಸೆಂಬರ್ ಮತ್ತು ಮೇ ತಿಂಗಳಲ್ಲಿ ಒಮ್ಮೆಲೇ ತುಂಬುತ್ತವೆ. ಲಿಫ್ಟ್, ನೀರಿನ ಟ್ಯಾಂಕ್ ಎರಡನ್ನೂ ಮನೆಗಳೆಲ್ಲ ತುಂಬಿದ ದಿನಕ್ಕೆ ಲೆಕ್ಕ ಹಾಕಿ, ನೀರು ಒಬ್ಬರಿಗೆ ದಿನಕ್ಕೆ 135 ಲೀಟರಿನಂತೆ. ಕೊಳಚೆ ನೀರು ಶುದ್ಧ ಮಾಡುವ ಘಟಕದ ವಿಷಯ ಬೇರೆ. ಅಲ್ಲಿ ಕೆಲಸ ಮಾಡುವುದು ಜೀವಾಣುಗಳು. ಕೊಳಚೆ ಬರದಿದ್ದರೆ ಅವು ಹಸಿದು ಸಾಯುತ್ತವೆ. ಹಬ್ಬದ ವಾರ ಜನ ಬಂದಾಗ ಘಟಕ ನಾರುತ್ತದೆ. ಒಂದೇ ದೊಡ್ಡ ಘಟಕದ ಬದಲು ಎರಡು ಸಣ್ಣವು ಮಾಡಿ, ಖಾಲಿ ದಿನಗಳಲ್ಲಿ ಒಂದೇ ನಡೆಯಲಿ.

ಮುಚ್ಚಿದ ಮನೆಯಲ್ಲಿ ಬೂಸ್ಟು ಹಿಡಿಯುತ್ತದೆ. ಬೀಗ ಹಾಕಿದರೂ ಗಾಳಿ ಆಡುವಂತೆ ಬಚ್ಚಲು, ಅಡುಗೆಮನೆಗೆ ಮಳೆ ಒಳಬರದ ಜಾಲರಿ ಕಿಂಡಿ ಕೊಡಿ. ಕಪಾಟನ್ನು ಹೊರಗೋಡೆಗೆ ಅಂಟಿಸಬೇಡಿ, ಎರಡು ಬೆರಳು ಬಿಡಿ.

ಹಂತ 9. ಬೀಗದ ಕೈ ಕೊಡುವ ದಿನ

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಪ್ರಕಾರ ಮನೆ ಒಪ್ಪಿಸಿದ ಮೇಲೆ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬಿಲ್ಡರ್ ಸರಿ ಮಾಡಿಕೊಡಬೇಕು. ಉಪ್ಪಿನ ತುಕ್ಕು ಕಣ್ಣಿಗೆ ಬೀಳುವುದು ಬಹುತೇಕ ಅದರ ನಂತರ. ಹಾಗಾಗಿ ನಿವಾಸಿಗಳ ಸಂಘಕ್ಕೆ ಮೂರು ವಸ್ತು ಕೊಡಿ. ಕಟ್ಟಿದಂತೆ ಬರೆದ ಡ್ರಾಯಿಂಗುಗಳ ಪೂರ್ತಿ ಸೆಟ್ಟು. ಪ್ರತಿ ಮಹಡಿಯ ಕವರ್ ಮೀಟರ್ ವರದಿ, ಕಾಂಕ್ರೀಟ್ ಒಡೆಯದೆ ಸಳಿಯ ಆಳ ಅಳೆಯುವ ಯಂತ್ರದ್ದು. ಕನ್ನಡದಲ್ಲಿ ಬರೆದ ಒಂದು ಪುಟದ ಪಟ್ಟಿ: ಮಳೆಗಾಲ ಮುಗಿದ ಮೇಲೆ ರೇಲಿಂಗ್, ಎಸಿ ಯೂನಿಟ್‌ಗಳನ್ನು ಸಿಹಿನೀರಿನಲ್ಲಿ ತೊಳೆಯುವುದು, ವರ್ಷಕ್ಕೊಮ್ಮೆ ಬಾಲ್ಕನಿ ತಳದಲ್ಲಿ ಕಂದು ಗೆರೆ ಇದೆಯೇ ನೋಡುವುದು, ಗೆರೆ ಕಂಡರೆ ಗಿಲಾವು ಬಳಿದು ಮುಚ್ಚದೆ ಎಂಜಿನಿಯರನ್ನು ಕರೆಸುವುದು. ಆ ಪುಟವನ್ನು ಲ್ಯಾಮಿನೇಟ್ ಮಾಡಿಸಿ ಸೆಕ್ಯುರಿಟಿ ಕ್ಯಾಬಿನ್ನಿನ ಗೋಡೆಗೆ ಹಾಕಿಸಿ.